ಕೆಟ್ಟಿಲ್ಲ, ಆದರೆ ಕೂಡುವುದಿಲ್ಲ

ಬೆಂಗಳೂರಿನ ಎಸ್.ಪಿ. ರೋಡಿನ ಹಳೇ ಅಂಗಡಿಗಳಲ್ಲಿ ‘ಒಂದು ಎಂಟು ಜಿಬಿ ರ‍್ಯಾಮ್ ಕೊಡಿ’ ಅಂದರೆ ಅಂಗಡಿಯವರು ಕಪಾಟಿನ ಕಡೆ ತಿರುಗುವುದೇ ಇಲ್ಲ. ‘ಯಾವುದಕ್ಕೆ ಸಾರ್?’ ಅನ್ನುತ್ತಾರೆ. ಲ್ಯಾಪ್‌ಟಾಪಿಗೆ ಅಂದರೆ ‘ಯಾವ ಮಾಡೆಲ್ಲು?’ ಗೊತ್ತಿಲ್ಲ ಅಂದರೆ ‘ಹಳೇದು ತಂದಿದ್ದೀರಾ?’ ಹಳೆಯದನ್ನು ಕೈಗಿಟ್ಟರೆ ಅದರ ಮೇಲಿನ ಚೀಟಿಯನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ಓದುತ್ತಾರೆ. ಪಿಸಿ4 ಎಂದು ಶುರುವಾದರೆ ಅದು ಡಿಡಿಆರ್4. ಪಿಸಿ3ಎಲ್ ಎಂದಿದ್ದರೆ ಡಿಡಿಆರ್3ರಲ್ಲೇ 1.35 ವೋಲ್ಟಿನದು, ಅದನ್ನು ಬೇಡುವ ಲ್ಯಾಪ್‌ಟಾಪಿಗೆ 1.5 ವೋಲ್ಟಿನದನ್ನು ಹಾಕಿದರೆ ಎಷ್ಟೋ ಸಲ ಪರದೆ ಬೆಳಗುವುದೇ ಇಲ್ಲ. ಹಸಿರು ಪಟ್ಟಿಯ ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು, ಅವುಗಳ ನಡುವೆ ಒಂದು ಕಚ್ಚು. ಡೆಸ್ಕ್‌ಟಾಪಿನ ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ ಹಲ್ಲುಗಳ ಲೆಕ್ಕ 288ರದೇ, ಆದರೆ ಕಚ್ಚಿನ ಜಾಗ ಸ್ವಲ್ಪ ಆಚೀಚೆ. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲಿ ಎಂದೇ ಹಾಗೆ ಮಾಡಿದ್ದಾರೆ. ಪಕ್ಕಪಕ್ಕ ಇಟ್ಟು ನೋಡದ ಹೊರತು ನಮ್ಮಂಥವರ ಕಣ್ಣಿಗೆ ಆ ವ್ಯತ್ಯಾಸ ಬೀಳುವುದಿಲ್ಲ.

ಆ ‘ಯಾವುದಕ್ಕೆ?’ ಎಂಬ ಪ್ರಶ್ನೆಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಇವತ್ತು ನಾವು ಕೊಳ್ಳುವ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ತಾನೊಂದೇ ನಿಂತು ಕೆಲಸ ಮಾಡುವಂಥದ್ದು ಕಡಿಮೆ. ಒಂದೊಂದೂ ಇನ್ನೊಂದಕ್ಕೆ ಜೋಡಿಯಾಗಬೇಕು. ಜೋಡಿಯಾಗದಿದ್ದರೆ ದುಡ್ಡು ಹೋದಂತೆಯೇ. ಕೆಟ್ಟ ಮಿಕ್ಸಿಯನ್ನು ಅಂಗಡಿಗೆ ಒಯ್ದರೆ ಮಾತಾಡಲು ಒಂದು ನೆಲೆ ಇರುತ್ತದೆ: ಸ್ವಿಚ್ ಹಾಕಿ, ನೋಡಿ, ತಿರುಗುತ್ತಿಲ್ಲ. ಚೆನ್ನಾಗಿರುವ ವಸ್ತುವನ್ನು ಒಯ್ದು ‘ನಮ್ಮ ಮನೆಯದಕ್ಕೆ ಇದು ಕೂಡುವುದಿಲ್ಲ’ ಅಂದರೆ ಆ ನೆಲೆಯೇ ಇಲ್ಲ. ‘ಐಟಂ ಚೆನ್ನಾಗೇ ಇದೆಯಲ್ಲ ಸಾರ್’ ಅನ್ನುತ್ತಾರೆ. ಅದು ನಿಜವೇ. ನಿಜವಾದ್ದರಿಂದಲೇ ಗಿರಾಕಿಯ ಬಾಯಿ ಕಟ್ಟಿಹೋಗುತ್ತದೆ.

ಎಷ್ಟು ಬಗೆಯಲ್ಲಿ ಕೂಡುವುದಿಲ್ಲ ನೋಡಿ. ಲ್ಯಾಪ್‌ಟಾಪಿಗೆ ಹಾಕುವ ಪಟ್ಟಿಯಾಕಾರದ ಎಸ್‌ಎಸ್‌ಡಿ ಹೆಚ್ಚಾಗಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಸಾಟಾ ಜಾತಿಯದೂ ಅಷ್ಟೇ, ಎನ್‌ವಿಎಂಇ ಜಾತಿಯದೂ ಅಷ್ಟೇ. ಸಾಟಾ ಮಾತ್ರ ಗೊತ್ತಿರುವ ಹಳೆಯ ಲ್ಯಾಪ್‌ಟಾಪಿಗೆ ಇನ್ನೊಂದನ್ನು ಹಾಕಿದರೆ, ಅಲ್ಲೊಂದು ಡಿಸ್ಕ್ ಇದೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲ. ಐಫೋನಿಗೆ ಮಾತ್ರ ಜೋಡಿಯಾಗುವ ಗಡಿಯಾರ ಒಂದಾದರೆ, ಐಫೋನಿಗೆ ಬಿಟ್ಟು ಉಳಿದದ್ದಕ್ಕೆ ಜೋಡಿಯಾಗುವ ಗಡಿಯಾರ ಇನ್ನೊಂದು. ಹೊಸ ಮೈಕ್ರೋವೇವ್ ಒಲೆಗೆ 16 ಆಂಪಿಯರ್‌ನ ದಪ್ಪ ಪಿನ್. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಇರುವುದು 6 ಆಂಪಿಯರ್‌ನ ಸಾಕೆಟ್ಟು ಮಾತ್ರ. ಮಾಲೀಕರು ಹೊಸ ಲೈನ್ ಎಳೆಸಲು ಒಪ್ಪುವುದಿಲ್ಲ, ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ, ಜನ ಕನ್ವರ್ಟರ್ ಪಿನ್ ಸಿಕ್ಕಿಸಿ ಬಳಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸಾಕೆಟ್ಟಿನ ಹಿಂದಿನ ತೆಳು ತಂತಿ ಅಷ್ಟು ಕರೆಂಟು ತಡೆಯುವುದಿಲ್ಲ, ಗೋಡೆಯೊಳಗೇ ಬಿಸಿಯಾಗುತ್ತದೆ.

ಇಡೀ ದೇಶಕ್ಕೇ ಈ ಪಾಠ ಒಂದು ಸಲ ಆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾದಾಗ ‘4ಜಿ’ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದ ಎಷ್ಟೋ ಫೋನುಗಳಲ್ಲಿ ಆ ಸಿಮ್ ಹಾಕಿದರೆ ಇಂಟರ್ನೆಟ್ ಬರುತ್ತಿತ್ತು, ಮಾಮೂಲಿ ಕರೆ ಮಾತ್ರ ಹೋಗುತ್ತಿರಲಿಲ್ಲ. ಆ ಜಾಲದಲ್ಲಿ 2ಜಿ, 3ಜಿ ಇರಲೇ ಇಲ್ಲ. ಮಾತೂ 4ಜಿಯ ಮೇಲೆಯೇ ಸಾಗಬೇಕು, ಅದಕ್ಕೆ ವೋಲ್ಟಿ ಎಂಬ ಸೌಲಭ್ಯ ಫೋನಿನಲ್ಲಿ ಬೇಕು. ಇಲ್ಲದವರಿಗೆ ಬೇರೆ ಆ್ಯಪ್ ಹಾಕಿಕೊಳ್ಳಿ ಎಂದರು. ಫೋನ್ ಕೆಟ್ಟಿರಲಿಲ್ಲ, ಸಿಮ್ಮೂ ಕೆಟ್ಟಿರಲಿಲ್ಲ. ಡಬ್ಬಿಯ ಮೇಲಿದ್ದ ‘4ಜಿ’ ಎಂಬುದು ಸುಳ್ಳಾಗಿರಲಿಲ್ಲ. ಆದರೆ ಗಿರಾಕಿಗೆ ತಿಳಿಯಬೇಕಾಗಿದ್ದ ಪೂರ್ತಿ ಸತ್ಯ ಅಲ್ಲಿರಲಿಲ್ಲ.

ಇಂಥ ಕಡೆ ಕಾನೂನು ಯಾರ ಪರ? ನಮ್ಮಲ್ಲಿ ತೊಂಬತ್ತು ವರ್ಷ ದಾಟಿದ ಒಂದು ಕಾಯ್ದೆ ಇದೆ, 1930ರ ಸರಕು ಮಾರಾಟ ಕಾಯ್ದೆ. ಗ್ರಾಹಕರ ಹಕ್ಕು ಅಂದ ಕೂಡಲೇ ಎಲ್ಲರೂ ಹೊಸ ಕಾಯ್ದೆಯನ್ನು ನೆನೆಯುತ್ತಾರೆ, ಹಳೆಯದರ 16ನೇ ಸೆಕ್ಷನ್ ಯಾರ ಬಾಯಲ್ಲೂ ಬರುವುದಿಲ್ಲ. ಎಸ್.ಪಿ. ರೋಡಿನ ಪ್ರಶ್ನೆ ಇರುವುದು ಅಲ್ಲೇ. ವಸ್ತು ಯಾವ ಕೆಲಸಕ್ಕೆ ಬೇಕು ಎಂದು ಕೊಳ್ಳುವವನು ತಿಳಿಸಿದ್ದರೆ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಅಂಥ ವಸ್ತು ಮಾರುವುದೇ ಅವನ ಕಸುಬಾಗಿದ್ದರೆ, ಆ ಕೆಲಸಕ್ಕೆ ವಸ್ತು ತಕ್ಕಮಟ್ಟಿಗೆ ಒದಗಲೇಬೇಕು. ಹಾಗೆಂದು ಬಿಲ್ಲಿನಲ್ಲಿ ಬರೆದಿರಬೇಕಾಗಿಲ್ಲ. ಆ ಮಾತು ವ್ಯಾಪಾರದೊಳಗೆ ತಾನಾಗಿ ಅಡಗಿದೆ ಎಂದು ಕಾನೂನೇ ಒಪ್ಪುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಮಿಕ್ಸಿ ಒಯ್ಯುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಅಲ್ಲಿ ಕರೆಂಟು 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿಗೆಂದೇ 110 ವೋಲ್ಟಿನ ಮಿಕ್ಸಿಗಳನ್ನು ನಮ್ಮ ಕಂಪನಿಗಳು ಮಾಡುತ್ತವೆ. ತಾಯಿ ಅಂಗಡಿಯಲ್ಲಿ ‘ಅಮೆರಿಕಕ್ಕೆ ಒಯ್ಯಬೇಕಪ್ಪ, ಅಲ್ಲಿಗಾಗುವಂಥದ್ದು ಕೊಡು’ ಅಂದರು, ಅಂಗಡಿಯವನು ಇಲ್ಲಿನದನ್ನೇ ಡಬ್ಬಿ ಕಟ್ಟಿ ಕೊಟ್ಟ ಎಂದುಕೊಳ್ಳಿ. ಅಲ್ಲಿ ಹೋಗಿ ನೆನೆಸಿದ ಉದ್ದಿನಬೇಳೆ ಹಾಕಿದರೆ ಮೋಟಾರು ಗೊರಗೊರ ಅನ್ನುತ್ತದೆ, ಬೇಳೆ ಹಾಗೇ ಕೂತಿರುತ್ತದೆ. ಮಿಕ್ಸಿಯಲ್ಲಿ ಎಳ್ಳಷ್ಟೂ ದೋಷವಿಲ್ಲ. ಆದರೂ ತಾಯಿ ಆಡಿದ ಆ ಒಂದು ವಾಕ್ಯದಿಂದ ಅಂಗಡಿಯವನು ಹೊಣೆಗಾರ. ಆ ವಾಕ್ಯ ಆಡದೆ ‘ಇಂಥ ಕಂಪನಿಯ ಇಂಥ ಮಿಕ್ಸಿ ಕೊಡು’ ಅಂದಿದ್ದರೆ? ಅಲ್ಲಿಗೆ ಕಾನೂನಿನ ಆಸರೆ ಸಡಿಲವಾಗುತ್ತದೆ. ಹೆಸರು ಹಿಡಿದು ಕೊಂಡ ವಸ್ತುವಿಗೆ ಈ ಭರವಸೆ ಅನ್ವಯಿಸದು ಎಂದು ಅದೇ ಸೆಕ್ಷನ್ನಿನ ಬಾಲದಲ್ಲಿ ಬರೆದಿದೆ.

ಈ ಸೆಕ್ಷನ್ ಬ್ರಿಟನ್ನಿನ 1893ರ ಕಾಯ್ದೆಯಿಂದ ಬಂದದ್ದು. ಅಲ್ಲಿನ ಎರಡು ಮೊಕದ್ದಮೆಗಳು ಹಳೆಯವಾದರೂ ನಮ್ಮ ಇವತ್ತಿನ ಗೋಳಿಗೆ ನೇರ ಉತ್ತರ ಕೊಡುತ್ತವೆ. ಒಂದು 1939ರದು: ಒಬ್ಬ ಮಹಿಳೆ ಹ್ಯಾರಿಸ್ ಟ್ವೀಡ್ ಉಣ್ಣೆಯ ಕೋಟು ಹೊಲಿಸಿಕೊಂಡರು. ತೊಟ್ಟ ಮೇಲೆ ಚರ್ಮವೆಲ್ಲ ದದ್ದೆದ್ದಿತು. ವಿಚಾರಣೆಯಲ್ಲಿ ತಿಳಿದದ್ದು: ಕೋಟಿನಲ್ಲಿ ದೋಷವಿಲ್ಲ, ಅವರ ಚರ್ಮ ಬೇರೆಯವರದಕ್ಕಿಂತ ಬಹಳ ಸೂಕ್ಷ್ಮ. ಆ ಸಂಗತಿಯನ್ನು ಮಾರುವವರಿಗೆ ತಿಳಿಸಿರಲಿಲ್ಲವಾದ್ದರಿಂದ ದಾವೆ ಬಿದ್ದುಹೋಯಿತು. ಇನ್ನೊಂದು 1996ರದು, ಸ್ಕಾಟ್ಲೆಂಡಿನ ಮೀನುಗಾರಿಕೆ ಬೋಟೊಂದರ ಕತೆ. ಅದರ ಎಂಜಿನ್ನಿಗೆ ಹಾಕಿದ ಕ್ಯಾಮ್‌ಶಾಫ್ಟ್ ಸವೆದುಹೋಯಿತು; ಬದಲಿ ಹಾಕಿದರು, ಅದೂ ಸವೆಯಿತು, ಮತ್ತೊಂದೂ ಸವೆಯಿತು. ಕೊನೆಗೆ ಹೊರಬಿದ್ದದ್ದು, ಆ ಬೋಟಿಗೇ ವಿಶೇಷವಾದ ಒಂದು ಕಂಪನವಿತ್ತು ಎಂಬುದು. ಅದು ಮಾರಿದವರಿಗೂ ಗೊತ್ತಿರಲಿಲ್ಲ, ಕೊಂಡವರಿಗೂ ಗೊತ್ತಿರಲಿಲ್ಲ. ಹೌಸ್ ಆಫ್ ಲಾರ್ಡ್ಸ್ ಮಾರಿದವರ ಪರ ತೀರ್ಪು ಕೊಟ್ಟಿತು. ನನಗೆ ಈ ಎರಡೂ ತೀರ್ಪುಗಳು ಗಟ್ಟಿ ಅನ್ನಿಸುತ್ತವೆ, ನ್ಯಾಯವೂ ಅನ್ನಿಸುತ್ತವೆ. ನಮ್ಮ ಕಡೆಯ ವಿಶೇಷವನ್ನು ನಾವು ಹೇಳದಿದ್ದರೆ ಎದುರಿನವರು ಹೇಗೆ ಊಹಿಸಿಯಾರು? ಆದರೆ ಹೇಳಿದ ಮೇಲೆ, ಅಥವಾ ಅವರೇ ‘ಎಲ್ಲದಕ್ಕೂ ಆಗುತ್ತೆ’ ಎಂದು ಭರವಸೆ ಕೊಟ್ಟ ಮೇಲೆ, ಹೊರೆ ಪೂರ್ತಿ ಆ ಕಡೆಗೆ ಹೊರಳುತ್ತದೆ.

ಹೊರಳುತ್ತದೆ ಎಂಬುದಕ್ಕೆ ಹೊಸ ಕಾಯ್ದೆಯಲ್ಲೂ ಆಧಾರವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದೋಷ ಎಂದರೇನು ಎಂದು ಅದು ವಿವರಿಸುವಾಗ ಗುಣಮಟ್ಟ, ಪ್ರಮಾಣ, ಸಾಮರ್ಥ್ಯ, ಶುದ್ಧತೆಗಳ ಕೊರತೆಯನ್ನು ಹೇಳುತ್ತದೆ. ಸರಿ, ಎಲ್ಲರೂ ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಭಾಗ ಓದಬೇಕು. ಆ ಮಟ್ಟವನ್ನು ಕಾನೂನು ಗೊತ್ತುಮಾಡಿರಬಹುದು, ಒಪ್ಪಂದ ಗೊತ್ತುಮಾಡಿರಬಹುದು, ವ್ಯಾಪಾರಿಯೇ ಯಾವುದಾದರೂ ರೀತಿಯಲ್ಲಿ ಹೇಳಿಕೊಂಡಿರಬಹುದು. ಯಾವುದಾದರೂ ರೀತಿಯಲ್ಲಿ ಎಂದಮೇಲೆ ಡಬ್ಬಿಯ ಮೇಲೆ ಅಚ್ಚಾದದ್ದೂ ಸೇರಿತು, ವಾಟ್ಸ್‌ಆ್ಯಪಿನಲ್ಲಿ ‘ಆಗುತ್ತೆ ಸಾರ್, ತಗೊಳ್ಳಿ’ ಎಂದು ಬರೆದದ್ದೂ ಸೇರಿತು. ಹೊಂದುತ್ತದೆ ಎಂದು ಹೇಳಿ ಮಾರಿದ ವಸ್ತು ಹೊಂದದಿದ್ದರೆ, ಅದು ಎಷ್ಟೇ ಸುಸ್ಥಿತಿಯಲ್ಲಿರಲಿ, ಕಾನೂನಿನ ಕಣ್ಣಿಗೆ ದೋಷದ್ದೇ. ಅದೇ ವರ್ಷ ಬಂದ ಇ-ಕಾಮರ್ಸ್ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ: ಜಾಹೀರು ಮಾಡಿದ ಲಕ್ಷಣಗಳು ವಸ್ತುವಿನಲ್ಲಿ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ.

ಇದು ಬರೀ ಪುಸ್ತಕದ ಬದನೆಕಾಯಿ ಅಲ್ಲ ಎಂಬುದನ್ನು ನಾನು ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಮನೆಯಲ್ಲಿ ಕಂಡೆ. ಅವರ ಮಗಳು, ಮೊಮ್ಮಗು ಜರ್ಮನಿಯಲ್ಲಿದ್ದಾರೆ. ಭಾನುವಾರದ ವಿಡಿಯೊ ಕರೆಯನ್ನು ಟೀವಿಯಲ್ಲಿ ದೊಡ್ಡದಾಗಿ ನೋಡಬೇಕೆಂಬುದು ಮೇಷ್ಟ್ರ ಹೆಂಡತಿಯ ಆಸೆ. ಅವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರನ್ನು ಮೇಷ್ಟ್ರು ಆನ್‌ಲೈನಿನಲ್ಲಿ ತರಿಸಿದರು. ಸಿಕ್ಕಿಸಿದರೆ ಟೀವಿಯಲ್ಲಿ ‘ಸಿಗ್ನಲ್ ಇಲ್ಲ’. ಫೋನಿನ ತೂತು ಟೈಪ್-ಸಿಯದೇ. ಆದರೆ ಚಿತ್ರ ಹೊರಗೆ ಕಳಿಸುವ ವ್ಯವಸ್ಥೆ ಆ ತೂತಿನ ಹಿಂದೆ ಇರಲಿಲ್ಲ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದು ಚಾರ್ಜಿಗೆ ಮತ್ತು ಯುಎಸ್‌ಬಿ 2.0 ವೇಗದಲ್ಲಿ ಫೈಲು ಕಳಿಸಲು ಮಾತ್ರ. ಅದೇ ಅಡಾಪ್ಟರನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದೆವು, ಟೀವಿಯಲ್ಲಿ ಚಿತ್ರ ಬಂತು.

ವಾಪಸ್ ಕೊಡುವ ಪುಟ ತೆರೆದರೆ ಕಾರಣಗಳ ಪಟ್ಟಿ: ಕೆಟ್ಟಿದೆ, ಒಡೆದಿದೆ, ಬೇರೆ ವಸ್ತು ಬಂದಿದೆ, ಭಾಗ ಕಡಿಮೆ ಇದೆ. ಹೊಂದುತ್ತಿಲ್ಲ ಎಂಬುದು ಅಲ್ಲಿರಲಿಲ್ಲ. ಮಹಡಿಯ ಮೇಲಿನ ಹುಡುಗ ‘ಕೆಟ್ಟಿದೆ ಅಂತ ಒತ್ತಿಬಿಡಿ ತಾತ, ಎಲ್ಲರೂ ಹಾಗೇ ಮಾಡೋದು’ ಅಂದ. ಮೇಷ್ಟ್ರು ಫೋನನ್ನು ಮೇಜಿನ ಮೇಲಿಟ್ಟರು. ‘ಕೆಟ್ಟಿಲ್ಲವಲ್ಲಪ್ಪ. ಕಣ್ಣಾರೆ ನೋಡಿದ್ದೀನಿ, ಇವರ ಲ್ಯಾಪ್‌ಟಾಪಲ್ಲಿ ಬಂತು. ಕೆಟ್ಟಿದೆ ಅಂತ ಹೇಗೆ ಹೇಳಲಿ?’

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಸತ್ಯ ಹೇಳುವವನಿಗೆ ಪಟ್ಟಿಯಲ್ಲಿ ಜಾಗವಿಲ್ಲ, ಸುಳ್ಳು ಹೇಳಿದವನಿಗೆ ಕೂಡಲೇ ಹಣ. ಇಂಥ ವ್ಯವಸ್ಥೆ ಒಳ್ಳೆಯ ಮನುಷ್ಯರನ್ನು ದಿನಾ ಸ್ವಲ್ಪಸ್ವಲ್ಪ ಕೆಡಿಸುತ್ತದೆ. ಆ ಸುಳ್ಳಿನಿಂದ ಮಾರುವವರಿಗೂ ನಷ್ಟ. ಒಳ್ಳೆಯ ಮಾಲು ಕೆಟ್ಟದ್ದೆಂದು ಅವರ ಲೆಕ್ಕಕ್ಕೆ ಬೀಳುತ್ತದೆ. ನಿಜವಾದ ತಪ್ಪು ಇರುವುದು ವಸ್ತುವಿನ ವಿವರಣೆಯಲ್ಲಿ. ಯಾರೂ ಅದನ್ನು ಎತ್ತಿ ಹೇಳದ ಕಾರಣ ಅದು ತಿದ್ದುಪಡಿಯಾಗದೆ ಉಳಿಯುತ್ತದೆ, ನಾಳೆ ಇನ್ನೊಬ್ಬರು ಅದನ್ನೇ ನಂಬಿ ಕೊಳ್ಳುತ್ತಾರೆ.

ಮೇಷ್ಟ್ರೂ ನಾನೂ ಆ ವಿವರಣೆಯನ್ನೇ ಮತ್ತೆ ಓದಿದೆವು. ಎಲ್ಲ ಟೈಪ್-ಸಿ ಫೋನುಗಳಿಗೂ ಹೊಂದುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದರ ಸ್ಕ್ರೀನ್‌ಶಾಟ್ ತೆಗೆದೆವು. ಪ್ರತಿ ಇ-ಕಾಮರ್ಸ್ ತಾಣವೂ ಒಬ್ಬ ದೂರು ಅಧಿಕಾರಿಯನ್ನು ಇಟ್ಟಿರಬೇಕು, ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂಬುದು ನಿಯಮ. ಅವರಿಗೆ ಮೇಷ್ಟ್ರು ಬರೆದ ಪತ್ರ ಚಿಕ್ಕದು: ವಸ್ತು ಕೆಟ್ಟಿಲ್ಲ, ಎಲ್ಲ ಟೈಪ್-ಸಿ ಫೋನಿಗೂ ಹೊಂದುತ್ತದೆ ಎಂದು ನೀವು ಹೇಳಿದ್ದಿರಿ, ನನ್ನದು ಇಂಥ ಮಾಡೆಲಿನ ಟೈಪ್-ಸಿ ಫೋನು, ಇದಕ್ಕೆ ಹೊಂದುತ್ತಿಲ್ಲ, ಜಾಹೀರು ಮಾಡಿದ ಲಕ್ಷಣ ಇಲ್ಲದ್ದರಿಂದ ಹಣ ಮರಳಿಸಿ. ಹಣ ಬಂತು. ಪತ್ರದಲ್ಲಿ ಒಂದೂ ಸುಳ್ಳಿರಲಿಲ್ಲ ಎಂಬುದೇ ಮೇಷ್ಟ್ರಿಗೆ ಹಣಕ್ಕಿಂತ ದೊಡ್ಡ ಸಮಾಧಾನ.

ಮಗಳು ಮುಂದಿನ ಭಾನುವಾರ ಇದನ್ನು ಕೇಳಿ ‘ಅಪ್ಪ, ಇಲ್ಲಾದರೆ ಕಾರಣವನ್ನೇ ಕೇಳುತ್ತಿರಲಿಲ್ಲ’ ಅಂದಳಂತೆ. ಅವಳು ಹೇಳಿದ್ದು ಸರಿ. ಯುರೋಪಿನ ಒಕ್ಕೂಟದಲ್ಲಿ ಆನ್‌ಲೈನಿನಲ್ಲಿ ಕೊಂಡ ಹೆಚ್ಚಿನ ವಸ್ತುಗಳನ್ನು ಕೈಸೇರಿದ 14 ದಿನದೊಳಗೆ ಕಾರಣ ಹೇಳದೆ ಬಿಟ್ಟುಕೊಡಬಹುದು. 2014ರ ಜೂನ್‌ನಿಂದ ಅದು ಒಕ್ಕೂಟದ ಎಲ್ಲ ದೇಶಗಳಿಗೂ ಒಂದೇ ನಿಯಮ, ಬ್ರಿಟನ್ನಿನಲ್ಲೂ ಇದೆ. ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ಕೊಂಡವನಿಗೆ ಮನೆಯಲ್ಲಿ ನೋಡುವ ಅವಕಾಶ ಕೊಡಬೇಕು ಎಂಬುದು ಅದರ ಹಿಂದಿನ ವಿಚಾರ. ಅಂಗಡಿಯಲ್ಲಿ ನೋಡುವಷ್ಟು ನೋಡಬಹುದು. ಹೆಚ್ಚು ಬಳಸಿ ಬೆಲೆ ಕುಗ್ಗಿಸಿದರೆ ಅಷ್ಟನ್ನು ಮುರಿದುಕೊಳ್ಳುತ್ತಾರೆ, ವಾಪಸ್ ಕಳಿಸುವ ಖರ್ಚು ಸಾಮಾನ್ಯವಾಗಿ ಕೊಂಡವರದೇ. ಬ್ರಿಟನ್ನಿನ ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಈ ಹಕ್ಕಿಲ್ಲ. ‘ಫಾರಿನ್ನಲ್ಲಿ ಎಲ್ಲ ವಾಪಸ್ ತಗೋತಾರೆ’ ಎಂದು ನಮ್ಮವರು ಹೇಳುವಾಗ ಅರ್ಧ ಭಾಗ ಅಂಗಡಿಗಳ ಔದಾರ್ಯ, ಅರ್ಧ ಮಾತ್ರ ಕಾನೂನು.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಅಲ್ಲಿನ ಇನ್ನೊಂದು ಹೆಜ್ಜೆ. 2019ರಲ್ಲಿ ಒಕ್ಕೂಟ ಸರಕು ಮಾರಾಟದ ಬಗ್ಗೆ ಹೊಸ ನಿರ್ದೇಶನ ತಂದಿತು. 2022ರ ಜನವರಿ 1ರಿಂದ ಅದು ಅನ್ವಯವಾಗಿದೆ. ಅದೇ ಬಗೆಯ ವಸ್ತುಗಳು ಸಾಮಾನ್ಯವಾಗಿ ಯಾವ ಉಪಕರಣ, ಯಾವ ಸಾಫ್ಟ್‌ವೇರ್ ಜೊತೆ ಕೆಲಸ ಮಾಡುತ್ತವೋ ಅವುಗಳ ಜೊತೆ ಈ ವಸ್ತುವೂ ಕೆಲಸ ಮಾಡಬೇಕು ಎಂದು ಅದರಲ್ಲಿ ಹೊಂದಾಣಿಕೆಯನ್ನೇ ಹೆಸರಿಟ್ಟು ಬರೆದಿದ್ದಾರೆ. ಬಾಳಿಕೆಯ ಪಕ್ಕದಲ್ಲಿ, ಸುರಕ್ಷತೆಯ ಪಕ್ಕದಲ್ಲಿ ಹೊಂದಾಣಿಕೆಗೂ ಒಂದು ಆಸನ. ಫೋನುಗಳಿಗೆಲ್ಲ ಒಂದೇ ಟೈಪ್-ಸಿ ಚಾರ್ಜಿಂಗ್ ಎಂದು 2024ರ ಡಿಸೆಂಬರ್ 28ರಿಂದ ಕಡ್ಡಾಯ ಮಾಡಿದ್ದೂ ಇದೇ ಜಾಡಿನಲ್ಲಿ. ನಮ್ಮ ಕಾಯ್ದೆಯಲ್ಲಿ ಈ ಹಕ್ಕನ್ನು ಗಿರಾಕಿ ಸುತ್ತು ದಾರಿಯಲ್ಲಿ ಹೋಗಿ, ವ್ಯಾಪಾರಿ ಏನು ಹೇಳಿದ್ದ ಎಂದು ರುಜುವಾತು ಮಾಡಿ ಪಡೆಯಬೇಕಾಗಿದೆ. ನೇರ ದಾರಿ ಬೇಕು. ಆನ್‌ಲೈನ್ ಖರೀದಿಗೆ ಕಾರಣ ಕೇಳದ ಒಂದು ವಾರವಾದರೂ ನಮ್ಮ ನಿಯಮಗಳಲ್ಲಿ ಬರಬೇಕು, ಹೊಂದಾಣಿಕೆಯ ವಿವರ ಡಬ್ಬಿಯ ಮೇಲೆ ಕಡ್ಡಾಯವಾಗಬೇಕು.

ಹೊಂದಿಸಿ ಕೊಡುವುದು ಮಾರುವವನ ಜವಾಬ್ದಾರಿ ಎಂಬುದು ನಮ್ಮ ನೆಲಕ್ಕೆ ಹೊಸದೇನಲ್ಲ. ಬಳೆಗಾರ ಬಳೆ ಕೊಟ್ಟು ಹೋಗುತ್ತಿರಲಿಲ್ಲ, ತೊಡಿಸಿ ಹೋಗುತ್ತಿದ್ದ. ಕೈ ಹಿಡಿದು, ಬೆರಳುಗಳನ್ನು ಒತ್ತಿ ನೋಡಿ, ಎರಡು-ನಾಲ್ಕೋ ಎರಡು-ಆರೋ ಎಂದು ಅಳತೆ ಅವನೇ ಹೇಳುತ್ತಿದ್ದ. ತೊಡಿಸುವಾಗ ಒಡೆದದ್ದು ಅವನ ಲೆಕ್ಕಕ್ಕೆ. ಕೈಗೆ ಏರಿದ ಮೇಲೆಯೇ ವ್ಯಾಪಾರ ಮುಗಿದದ್ದು.

ಅಂಗಡಿಯವರ ಕಷ್ಟವನ್ನು ನಾನು ಮರೆತಿಲ್ಲ. ಸೀಲು ಒಡೆದ ರ‍್ಯಾಮನ್ನು ಹೊಸದೆಂದು ಮತ್ತೆ ಮಾರಲಾಗದು. ಚಿಕ್ಕ ಅಂಗಡಿಗೆ ಒಂದು ರ‍್ಯಾಮಿನಲ್ಲಿ ಉಳಿಯುವ ಲಾಭವೂ ಚಿಕ್ಕದೇ. ತಾನೇ ಆರಿಸಿ, ಏನನ್ನೂ ಹೇಳದೆ, ಏನನ್ನೂ ಕೇಳದೆ ಕೊಂಡ ಗಿರಾಕಿ ವಾರದ ಮೇಲೆ ಬಂದು ಕೂಗಾಡಿದರೆ ನಾನು ಅಂಗಡಿಯವರ ಪಕ್ಷ. ಅಂಥವರಿಗೂ ತಮ್ಮ ಸ್ಟಿಕ್ಕರ್ ಕೀಳದಿದ್ದರೆ ಬದಲಿಸಿ ಕೊಡುವ ಅಂಗಡಿಗಳು ಇವೆ. ಅದು ಅವರ ದೊಡ್ಡತನ, ನಮ್ಮ ಹಕ್ಕಲ್ಲ. ಆದರೆ ‘ಒಮ್ಮೆ ಮಾರಿದ ಸರಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಬೋರ್ಡು ತೋರಿಸಿ ಎಲ್ಲರ ಬಾಯನ್ನೂ ಮುಚ್ಚಿಸಲಾಗದು. ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನದೊಳಗೆ, ದೋಷವಿರುವ ವಸ್ತು ವಾಪಸ್ ಪಡೆದು ಹಣ ಮರಳಿಸದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯ್ದೆ ಹೇಳುತ್ತದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ‘ಬಿಲ್ ಬೇಕಾ, ಬೇಡವಾ? ಬೇಕಂದ್ರೆ 18 ಪರ್ಸೆಂಟ್ ಸೇರುತ್ತೆ’ ಎಂದು ಕೇಳಿದಾಗ ಆ ನಾಲ್ಕು ಕಾಸಿನ ಉಳಿತಾಯಕ್ಕೆ ಬೀಳಬೇಡಿ. ಎಸ್ಟಿಮೇಟ್ ಚೀಟಿ ಹಿಡಿದು ಹೋದರೆ ವಾದ ಮೊದಲ ಹೆಜ್ಜೆಯಲ್ಲೇ ಕುಂಟುತ್ತದೆ.

ಕೊಳ್ಳುವ ಮೊದಲು ನಿಮ್ಮ ಸಾಧನದ ತಳದಲ್ಲಿ ಅಂಟಿಸಿರುವ ಮಾಡೆಲ್ ಸಂಖ್ಯೆಯ ಫೋಟೊವನ್ನು ಅಂಗಡಿಯವರ ವಾಟ್ಸ್‌ಆ್ಯಪಿಗೆ ಕಳಿಸಿ, ‘ಇದಕ್ಕೆ ಆಗುತ್ತದೆಯೇ?’ ಎಂದು ಕೇಳಿ, ಉತ್ತರ ಬಂದ ಮೇಲೆ ಹೋಗಿ. ಬಿಲ್ಲಿನಲ್ಲಿ ಆ ಮಾಡೆಲನ್ನೂ ಬರೆಸಿ. ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಆನ್‌ಲೈನ್ ಆದರೆ ವಿವರಣೆಯ ಪುಟವನ್ನು ಕೊಂಡ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಪುಟ ನಾಳೆ ಬದಲಾಗಬಹುದು. ಮಾತಿಗೆ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳಿ. ಅಲ್ಲಿಯೂ ಆಗದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗವೇ ಸಾಕು, ಮಾರಿದವರ ಊರಿಗೆ ಹೋಗಬೇಕಾಗಿಲ್ಲ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಅದಕ್ಕೆ ಎರಡು ವರ್ಷದ ಅವಕಾಶವಿದೆ. ನುಣುಪು ಕಾಗದದ ಬಿಲ್ಲಿನ ಅಕ್ಷರಗಳಿಗೆ ಮಾತ್ರ ಅಷ್ಟು ಆಯುಸ್ಸಿಲ್ಲ, ಬೇಗ ಮಾಸಿಹೋಗುತ್ತವೆ. ಮನೆಗೆ ತಂದ ದಿನವೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ.